ಹಿತ್ತಿಲ ಗಿಡ ಒಣಗಿದಾಗ

ಮನೆಯೆಂದ ಮೇಲೆ ಅಂಗಳದಲ್ಲಿ ಒಂದು ತುಳಸಿ, ಹಿತ್ತಿಲಲ್ಲಿ ಒಂದು ದಾಸವಾಳ, ಒಂದು ಕರಿಬೇವು, ಬಚ್ಚಲ ನೀರು ಹರಿಯುವೆಡೆಯಲ್ಲಿ ನಾಲ್ಕು ಬಾಳೆ ಇರಬೇಕೆಂಬುದು ಕನ್ನಡ ನಾಡಿನ ಗೃಹಸ್ಥರ ಬಹು ಹಳೆಯ ಆಸೆ. ನಗರದ ಇಕ್ಕಟ್ಟಿನಲ್ಲಿ ಬಾಳುವವರೂ ಈ ಆಸೆಯನ್ನು ಬಿಟ್ಟಿಲ್ಲ. ಹಿತ್ತಿಲಿಲ್ಲದವರು ತಾರಸಿಯ ಮೇಲೆ ಕುಂಡಗಳನ್ನಿಟ್ಟುಕೊಂಡು ಅದನ್ನೇ ಹಿತ್ತಿಲೆಂದು ಕರೆದು ಸಂತೋಷಪಡುತ್ತಾರೆ. ಗಿಡ ಚಿಗುರಿದ ದಿನ ಮನೆಮಂದಿಗೆಲ್ಲ ಸಂಭ್ರಮ. ಮೊದಲ ಹೂವು ದೇವರಿಗೆ, ಎರಡನೆಯದು ಮಗಳ ಜಡೆಗೆ. ಆದರೆ ನೆಟ್ಟುದೆಲ್ಲ ಬಾಳುವುದಿಲ್ಲ. ನೆನ್ನೆಯವರೆಗೆ ನಳನಳಿಸುತ್ತಿದ್ದ ಗಿಡ ಇಂದು ಬೆಳಗ್ಗೆ ತಲೆ ಬಾಗಿಸಿ ನಿಂತಿರುತ್ತದೆ. ವಾರ ಕಳೆಯುವುದರೊಳಗೆ ಕಡ್ಡಿಯಾಗಿರುತ್ತದೆ.

ಗಿಡ ಸತ್ತ ಮನೆಯಲ್ಲಿ ಮೊದಲು ಹುಟ್ಟುವುದು ವ್ಯಥೆ. ಅದರ ಬೆನ್ನಿಗೇ ಹುಟ್ಟುವುದು ಆರೋಪ. ‘ನೆಟ್ಟವರ ಕೈಗುಣ ಸರಿಯಿಲ್ಲ’ ಎನ್ನುತ್ತಾರೆ ಹಿರಿಯರು. ಒಣಗಿದ್ದು ದಾಸವಾಳವಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ತುಳಸಿಯಾದರೆ ಹಾಗಲ್ಲ. ಬೃಂದಾವನದ ತುಳಸಿ ಬಾಡಿತೆಂದರೆ ಮಡಿ ಕೆಟ್ಟಿರಬೇಕು, ಮೈಲಿಗೆಯಾಗಿರಬೇಕು, ಹೊಸದಾಗಿ ಬಂದ ಸೊಸೆಯ ಕಾಲ್ಗುಣವಿರಬೇಕು ಎಂಬ ಪಿಸುಮಾತು ಏಳುತ್ತದೆ. ಪಾಪ, ಆ ಹುಡುಗಿ ದಿನಕ್ಕೆರಡು ಬಾರಿ ಭಕ್ತಿಯಿಂದ ನೀರೆರೆದವಳೇ ಆಗಿರುತ್ತಾಳೆ. ಬಾಯಿಲ್ಲದ ಗಿಡ ಸಾಕ್ಷಿ ಹೇಳಲಾರದು. ಸೊಸೆ ಬಾಯಿದ್ದೂ ಹೇಳಲಾರಳು.

ಆದರೆ ಗಿಡಕ್ಕೆ ಭಾಷೆ ಇಲ್ಲವೆನ್ನುವುದು ಪೂರ್ತಿ ನಿಜವಲ್ಲ. ಒಣಗಿದ ಗಿಡವನ್ನು ಬುಡಸಮೇತ ಕಿತ್ತು ನೋಡುವ ತಾಳ್ಮೆಯಿದ್ದರೆ ಅದು ತನ್ನ ಸಾವಿನ ಕಾರಣವನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಆ ಭಾಷೆಯನ್ನು ಕಲಿಯಲು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಷ್ಟು ಒಳ್ಳೆಯ ಪಾಠಶಾಲೆ ಮತ್ತೊಂದಿಲ್ಲ.

ಮೂರು ತಾಲೂಕು, ಹಲವು ಮಣ್ಣು

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಏಕೀಕರಣದಿಂದ ಮೈಸೂರಿಗೆ ಬಂದು, 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. ಬಹುಕಾಲ ಕೊಳ್ಳೇಗಾಲದ ಅಂಗವಾಗಿದ್ದ ಹನೂರು ಈಚೆಗೆ ತಾನೇ ಒಂದು ತಾಲೂಕಾಗಿದೆ. ಮಲೆ ಮಹದೇಶ್ವರ ಬೆಟ್ಟ ಅದರ ಮಡಿಲಲ್ಲಿದೆ. ಯಳಂದೂರು ಸುವರ್ಣಾವತಿಯ ದಡದ ಊರು. ಬಿಳಿಗಿರಿರಂಗನ ಬೆಟ್ಟ ಅದರ ಬೆನ್ನಿಗೆ ನಿಂತಿದೆ.

ಬೆಟ್ಟದಲ್ಲಿ ದಟ್ಟವಾದ ಕಾಡು, ಸಮೃದ್ಧಿಯಾದ ಮಳೆ. ಬೆಟ್ಟದಿಳಿದರೆ ಮಳೆಯ ನೆರಳಿನ ಬಯಲು. ಮುಂಗಾರು ಮೋಡಗಳು ಪಡುವಣ ಘಟ್ಟದಲ್ಲಿಯೇ ಬರಿದಾಗಿ ಬರುವುದರಿಂದ ಜೂನ್ ಜುಲೈಗಳಲ್ಲಿ ಇಲ್ಲಿ ಗಾಳಿಯೇ ಹೆಚ್ಚು. ಮಳೆಯ ಮುಖ್ಯ ಪಾಲು ಬೀಳುವುದು ಮೇ ತಿಂಗಳಿನಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಇನ್ನೊಮ್ಮೆ. ಒಂದೆಡೆ ನೀರು ನಿಲ್ಲದ ಕೆಂಪು ಜಲ್ಲಿಮಣ್ಣು, ಇನ್ನೊಂದೆಡೆ ಬೇಸಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಕೆಸರಾಗಿ ಕೂರುವ ಎರೆಮಣ್ಣು. ಒಂದೂರಿನಲ್ಲಿ ಸೊಗಸಾಗಿ ಬಂದ ಗಿಡವನ್ನು ಐದು ಮೈಲಿ ಆಚೆಯ ನೆಂಟರ ಮನೆಗೆ ಒಯ್ದು ನೆಟ್ಟರೆ ಅದು ಸಾಯಬಹುದು. ದೋಷ ಕೈಯದಲ್ಲ, ಮಣ್ಣಿನದು.

ಹೆಚ್ಚಾದ ಪ್ರೀತಿ

ಮನೆಯ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನೀರು ಕುಡಿದು ಸಾಯುವುದೇ ಹೆಚ್ಚು ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಬೇರು ಉಸಿರುಗಟ್ಟುತ್ತದೆ. ಉಸಿರುಗಟ್ಟಿದ ಬೇರಿಗೆ ಶಿಲೀಂಧ್ರ ತಗಲಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದ ಮಣ್ಣು ಒದ್ದೆಯಿದ್ದರೂ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡ ಮನೆಯವರು ನೀರು ಸಾಲದೆಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಕುಂಡದಲ್ಲಿಟ್ಟ ಕರಿಬೇವು, ಗುಲಾಬಿ, ತುಳಸಿಗಳ ಸಾವಿನಲ್ಲಿ ಬಹುಪಾಲು ಈ ಬಗೆಯದು.

ಇದನ್ನು ತಿಳಿಯಲು ಬೆರಳೇ ಸಾಕು. ಬೆರಳಿನ ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣು ಒಣಗಿದ್ದರೆ ಮಾತ್ರ ನೀರು ಬೇಕು. ಕುಂಡದ ತಳದ ತೂತು ಮುಚ್ಚಿಹೋಗಿದೆಯೇ ಎಂಬುದನ್ನು ತಿಂಗಳಿಗೊಮ್ಮೆ ನೋಡಬೇಕು. ಎರೆಮಣ್ಣಿನ ಹಿತ್ತಿಲಾದರೆ ಗುಂಡಿಯಲ್ಲಿ ನೆಡದೆ ಮಣ್ಣನ್ನು ಏರಿಸಿ ದಿಬ್ಬದ ಮೇಲೆ ನೆಡಬೇಕು. ಕೆಂಪು ಜಲ್ಲಿಯಾದರೆ ಇದಕ್ಕೆ ವಿರುದ್ಧ: ಪಾತಿಯನ್ನು ತಗ್ಗಾಗಿ ಮಾಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲೆ ತರಗೆಲೆಯನ್ನೋ ತೆಂಗಿನ ನಾರನ್ನೋ ಹೊದಿಸಬೇಕು. ಹೊದಿಕೆ ಕಾಂಡಕ್ಕೆ ತಗಲದಂತೆ ನಾಲ್ಕು ಬೆರಳು ಬಿಟ್ಟಿರಬೇಕು; ಇಲ್ಲವಾದರೆ ಗೆದ್ದಲಿಗೆ ಆಹ್ವಾನ ಕೊಟ್ಟಂತೆ.

2018 ಮತ್ತು 2019ರ ಆಗಸ್ಟ್ ತಿಂಗಳಿನಲ್ಲಿ ಕಾವೇರಿ ಉಕ್ಕಿ ಬಂದಾಗ ಕೊಳ್ಳೇಗಾಲ ತಾಲೂಕಿನ ದಾಸನಪುರದಂಥ ನದೀತೀರದ ಊರುಗಳಿಗೆ ನೀರು ನುಗ್ಗಿತು. ಅಂಥ ನೀರಿನಲ್ಲಿ ಪರಂಗಿಗಿಡ ಒಂದೆರಡು ದಿನವೂ ತಡೆಯಲಾರದು. ತೆಂಗು ಹಲವು ದಿನ ತಡೆದೀತು. ನೀರು ಇಳಿದ ಮೇಲೆ ಬುಡದ ಸುತ್ತ ಕಟ್ಟಿದ ಮೆಕ್ಕಲಿನ ಹೆಪ್ಪನ್ನು ಒಡೆದು ಗಾಳಿಯಾಡಿಸಿದರೆ ಎಷ್ಟೋ ಗಿಡಗಳು ಉಳಿಯುತ್ತವೆ. ಆಗಲೇ ಗೊಬ್ಬರ ಹಾಕುವುದು ಜ್ವರದಿಂದ ಎದ್ದವನಿಗೆ ಹೋಳಿಗೆ ಬಡಿಸಿದಂತೆ. ಹೊಸ ಚಿಗುರು ಕಾಣುವವರೆಗೆ ತಡೆಯಬೇಕು.

ರೇಷ್ಮೆಯ ಸೀಮೆ ಕಲಿಸಿದ ಪಾಠ

ಕೊಳ್ಳೇಗಾಲದ ಹೆಸರು ಕೇಳಿದೊಡನೆ ಗೃಹಿಣಿಯರಿಗೆ ನೆನಪಾಗುವುದು ರೇಷ್ಮೆ ಸೀರೆ. ರೇಷ್ಮೆಗೆ ಆಧಾರ ಹಿಪ್ಪುನೇರಳೆ. ಈ ಬೆಳೆಗಾರರಿಗೆ ‘ತುಕ್ರ’ ಎಂಬ ಕಾಟ ಚಿರಪರಿಚಿತ: ಕುಡಿ ಮುದುಡಿ, ಎಲೆ ಸುರುಟಿ ದಪ್ಪವಾಗಿ, ಗೆಣ್ಣುಗಳು ಒತ್ತೊತ್ತಾಗಿ ಗಿಡ ಕುಗ್ಗುತ್ತದೆ. ಇದಕ್ಕೆ ಕಾರಣ ಗುಲಾಬಿ ಬಣ್ಣದ ಒಂದು ಹಿಟ್ಟು ತಿಗಣೆ. ಪಟ್ಟಣದ ಮನೆಗಳಲ್ಲಿ ದಾಸವಾಳದ ಮೊಗ್ಗಿಗೆ ಹತ್ತಿ ಅಂಟಿದಂತೆ ಬಿಳಿಯ ಹಿಟ್ಟು ಮೆತ್ತಿ, ಕುಡಿ ತಿರುಚಿಕೊಳ್ಳುವುದನ್ನು ಕಾಣದವರಿಲ್ಲ. ಅನೇಕ ಬಾರಿ ಅದೂ ಇದೇ ತಿಗಣೆಯ ಕೆಲಸ. ರೈತನ ಹೊಲದ ಶತ್ರು, ಗೃಹಿಣಿಯ ಹೂವಿನ ಶತ್ರು ಎರಡೂ ಒಂದೇ.

ಇದಕ್ಕೆ ಶತ್ರುವೂ ಇದೆ. ಆಸ್ಟ್ರೇಲಿಯಾ ಮೂಲದ ಒಂದು ಗುಲಗಂಜಿ ಹುಳುವನ್ನು 1898ರಲ್ಲಿಯೇ ಭಾರತಕ್ಕೆ ತರಲಾಗಿತ್ತು. ಕರಿಯ ಬೆನ್ನು, ಕಿತ್ತಳೆ ಬಣ್ಣದ ತಲೆಯ ಈ ಪುಟ್ಟ ಹುಳು ಹಿಟ್ಟು ತಿಗಣೆಯನ್ನು ತಿಂದು ಬದುಕುತ್ತದೆ. ಹಿಪ್ಪುನೇರಳೆ ತೋಟಗಳಿಗೆ ಇದನ್ನು ಬಿಡುವ ಪದ್ಧತಿಯೂ ಉಂಟು. ಆದರೆ ಇದರ ಮರಿಯ ಮೈಮೇಲೂ ಬಿಳಿಯ ಮೇಣದ ಎಳೆಗಳಿರುವುದರಿಂದ ನೋಡುವವರ ಕಣ್ಣಿಗೆ ಅದೂ ತಿಗಣೆಯಂತೆಯೇ ಕಾಣುತ್ತದೆ. ಹೀಗಾಗಿ ರಕ್ಷಕನನ್ನೇ ಕಳ್ಳನೆಂದು ಹೊಸಕಿ ಹಾಕುವವರುಂಟು. ತಿಗಣೆ ಚಿಕ್ಕದು, ಬಹುಮಟ್ಟಿಗೆ ಕದಲದೆ ಕೂತಿರುತ್ತದೆ. ಗುಲಗಂಜಿ ಹುಳುವಿನ ಮರಿ ಅದಕ್ಕಿಂತ ದೊಡ್ಡದು, ಚುರುಕಾಗಿ ಓಡಾಡುತ್ತದೆ. ಔಷಧ ಹೊಡೆಯುವ ಮೊದಲು ಎರಡು ನಿಮಿಷ ನಿಂತು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

2008ರಲ್ಲಿ ಇನ್ನೊಂದು ವಿಪತ್ತು ಬಂದಿತು. ಮಧ್ಯ ಅಮೆರಿಕದ ಕಡೆಯ ಪರಂಗಿ ಹಿಟ್ಟು ತಿಗಣೆ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು, ಪರಂಗಿ, ಮರಗೆಣಸು, ಹಿಪ್ಪುನೇರಳೆ, ದಾಸವಾಳವೆನ್ನದೆ ಹಬ್ಬಿ, ಗಡಿ ದಾಟಿ ಕರ್ನಾಟಕಕ್ಕೂ ಬಂದಿತು. ಹೊಡೆದ ಔಷಧಗಳು ಅದರ ಮೇಣದ ಕವಚದ ಮೇಲಿಂದ ಜಾರಿಹೋದುವು. ಕೊನೆಗೆ 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆ ಪೋರ್ಟೊ ರಿಕೊದಿಂದ ಕಿರುಕಣಜಗಳನ್ನು ತರಿಸಿ ಬಿಡುಗಡೆ ಮಾಡಿತು. ಸಾಸಿವೆಗಿಂತ ಚಿಕ್ಕದಾದ ಆ ಕಣಜ ತಿಗಣೆಯ ದೇಹದೊಳಗೆ ಮೊಟ್ಟೆಯಿಡುತ್ತದೆ; ಮರಿ ಒಳಗಿನಿಂದಲೇ ತಿಗಣೆಯನ್ನು ಮುಗಿಸುತ್ತದೆ. ತೋಟಗಳು ಮತ್ತೆ ಹಸುರಾದುವು.

ಹಿತ್ತಿಲಿನ ಮಟ್ಟಿಗೆ ಇದರಿಂದ ಕಲಿಯಬೇಕಾದುದು ಇಷ್ಟು: ಮೆತ್ತಿದ ಕುಡಿಯನ್ನು ಕತ್ತರಿಸಿ ಸೋಪಿನ ನೀರಿನಲ್ಲಿ ಮುಳುಗಿಸುವುದು, ಉಳಿದುದನ್ನು ನೀರಿನ ರಭಸದಿಂದ ತೊಳೆಯುವುದು, ಮತ್ತೂ ಉಳಿದರೆ ಒಂದು ಲೀಟರು ನೀರಿಗೆ ಒಂದು ಟೀ ಚಮಚೆ ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸುವುದು. ಇರುವೆಯ ಸಾಲನ್ನು ಮರೆಯಬಾರದು. ತಿಗಣೆ ಒಸರುವ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಅದರ ಶತ್ರುಗಳನ್ನು ಓಡಿಸುತ್ತವೆ. ಇರುವೆಯ ದಾರಿ ತಪ್ಪಿಸಿದರೆ ಅರ್ಧ ಯುದ್ಧ ಗೆದ್ದಂತೆ.

ಮಣ್ಣಿನಲ್ಲಿ ಅಡಗಿದ ಶತ್ರು

ಕಣ್ಣಿಗೆ ಕಾಣುವ ಕೀಟಕ್ಕಿಂತ ಕಾಣದ ರೋಗ ಕಠಿಣ. ಈ ಸೀಮೆಗೆ ದೂರವಲ್ಲದ ನಂಜನಗೂಡಿನ ರಸಬಾಳೆಯ ಕಥೆ ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಮನೆಮನೆಯ ಹಣ್ಣಾಗಿದ್ದ ಅದು ಅಪರೂಪವಾದುದಕ್ಕೆ ಮುಖ್ಯ ಕಾರಣ ಪನಾಮ ಸೊರಗು ರೋಗ. ಹಳೆಯ ಎಲೆಗಳ ಅಂಚು ಹಳದಿಯಾಗಿ, ದಿಂಡಿನ ಸುತ್ತ ಲಂಗದಂತೆ ಜೋತುಬೀಳುತ್ತವೆ. ದಿಂಡನ್ನು ಅಡ್ಡ ಕೊಯ್ದರೆ ಒಳಗೆ ಕಂದು ಬಣ್ಣದ ಉಂಗುರಗಳು. ಈ ಶಿಲೀಂಧ್ರ ಒಮ್ಮೆ ಮಣ್ಣು ಸೇರಿದರೆ ದಶಕಗಳವರೆಗೆ ಸಾಯುವುದಿಲ್ಲ. ಜಗತ್ತಿನ ಬಾಳೆಯ ವ್ಯಾಪಾರವನ್ನೆಲ್ಲ ಆಳಿದ ‘ಗ್ರೋ ಮಿಷೆಲ್’ ತಳಿಯನ್ನು 1960ರ ಸುಮಾರಿಗೆ ಪೇಟೆಯಿಂದ ಅಳಿಸಿದುದೂ ಇದೇ ರೋಗ.

ಹಿತ್ತಿಲಲ್ಲಿ ಹೀಗೆ ಸತ್ತ ಬಾಳೆಯ ಜಾಗದಲ್ಲಿ ಅದೇ ಜಾತಿಯ ಕಂದನ್ನು ಮತ್ತೆ ನೆಡುವುದು ವ್ಯರ್ಥ ಸಾಹಸ. ಸತ್ತ ಗಿಡದ ಬುಡದ ಕಂದನ್ನು ಪಕ್ಕದ ಮನೆಗೆ ಕೊಡುವುದಂತೂ ಉಪಕಾರದ ಹೆಸರಿನಲ್ಲಿ ಮಾಡುವ ಅಪಕಾರ. ಆ ಜಾಗವನ್ನು ನುಗ್ಗೆಗೋ ನಿಂಬೆಗೋ ಬಿಟ್ಟುಕೊಡುವುದು ಜಾಣತನ. ಕನಕಾಂಬರದ ಮಡಿ ಪಟಪಟನೆ ಬಾಡಿದಾಗಲೂ ಬೇರನ್ನು ಕಿತ್ತು ನೋಡಬೇಕು. ಗಂಟುಗಳಿದ್ದರೆ ಕಣ್ಣಿಗೆ ಕಾಣದ ಬೇರುಗಂಟಿನ ಜಂತುಗಳು ಸೇರಿವೆಯೆಂದು ಅರ್ಥ. ಅಂಥ ಮಡಿಯಲ್ಲಿ ಒಂದು ಕಾಲ ಚೆಂಡುಹೂ ಬೆಳೆದು, ಬೇವಿನ ಹಿಂಡಿ ಬೆರೆಸಿದರೆ ಅವುಗಳ ಹಾವಳಿ ಇಳಿಯುತ್ತದೆ. ಬಿರುಬೇಸಗೆಯಲ್ಲಿ ಮಣ್ಣನ್ನು ಒದ್ದೆಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಏಪ್ರಿಲ್ ಮೇ ತಿಂಗಳ ಸೂರ್ಯನೇ ಮಣ್ಣಿಗೆ ಚಿಕಿತ್ಸೆ ಮಾಡುತ್ತಾನೆ.

ಒಂಟಿಯಾಗಿ ಬಾಳದ ಶ್ರೀಗಂಧ

2001ರ ಅರಣ್ಯ ತಿದ್ದುಪಡಿ ಕಾನೂನು ಖಾಸಗಿ ಜಮೀನಿನ ಶ್ರೀಗಂಧ ಮಾಲೀಕನಿಗೇ ಸೇರಿದ್ದೆಂದು ಹೇಳಿದ ಮೇಲೆ ಮನೆಯಂಗಳದಲ್ಲಿ ಗಂಧದ ಸಸಿ ನೆಡುವ ಹುರುಪು ಹೆಚ್ಚಿತು. ಆದರೆ ಕುಂಡದಲ್ಲಿ ಅಚ್ಚುಕಟ್ಟಾಗಿ ಒಂಟಿಯಾಗಿ ನೆಟ್ಟ ಸಸಿ ಕೆಲವು ಕಾಲ ಬದುಕಿ, ಬಿಳಚಿ, ಸಾಯುತ್ತದೆ. ಶ್ರೀಗಂಧ ಅರೆ ಪರಾವಲಂಬಿ. ಅದರ ಬೇರು ಪಕ್ಕದ ಗಿಡದ ಬೇರನ್ನು ಹಿಡಿದು ಆಹಾರದ ಒಂದು ಪಾಲನ್ನು ಪಡೆಯುತ್ತದೆ. ಜೊತೆಯಲ್ಲಿ ಒಂದು ತೊಗರಿ ಗಿಡವಾದರೂ ಇರಬೇಕು. ಕಳೆಯೆಂದು ಸುತ್ತಲಿನದನ್ನೆಲ್ಲ ಕಿತ್ತು ಬೋಳಿಸುವವನು ಗಂಧದ ಬಾಯಿಂದ ತುತ್ತು ಕಸಿದಂತೆ.

ಇದಲ್ಲದೆ 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗವೂ ಉಂಟು. ಎಲೆಗಳು ಕಿರಿದಾಗಿ, ಮುಳ್ಳಿನಂತೆ ನಿಮಿರಿ ನಿಂತು, ಮರ ಎರಡು ಮೂರು ವರ್ಷಗಳಲ್ಲಿ ಸಾಯುತ್ತದೆ. ರಸ ಹೀರುವ ಹುಳುಗಳಿಂದ ಹರಡುವ ಈ ರೋಗಕ್ಕೆ ಮದ್ದು ದೊರೆತಿಲ್ಲ. ರೋಗ ಹಿಡಿದ ಮರವನ್ನು ಉಳಿಸಹೋಗಿ ಉಳಿದವನ್ನು ಕಳೆದುಕೊಳ್ಳುವುದಕ್ಕಿಂತ, ಅರಣ್ಯ ಇಲಾಖೆಗೆ ತಿಳಿಸಿ ಅದನ್ನು ತೆಗೆಸುವುದೇ ಲೇಸು. ಕೆಲವು ನಷ್ಟಗಳನ್ನು ಬೇಗ ಒಪ್ಪಿಕೊಳ್ಳುವುದೂ ತೋಟಗಾರಿಕೆಯ ಒಂದು ಪಾಠ.

ಸೋಲಿಗರು ಕಂಡದ್ದು

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆತಲಾಂತರದಿಂದ ಕಾಡಿನ ನೆಲ್ಲಿಕಾಯಿ ಸಂಗ್ರಹಿಸುವವರು. ನೆಲ್ಲಿಮರಗಳು ಬಡವಾಗುತ್ತಿರುವುದಕ್ಕೆ ಅವರು ತೋರಿಸುವ ಒಂದು ಕಾರಣ ‘ಉಪ್ಪಿಲು’. ನಾಡಿನವರು ಬದನಿಕೆ ಎನ್ನುವ ಗಿಡ. ಕೊಂಬೆಯ ಮೇಲೆ ಬೇರೂರಿ ಅದು ಮರದ ರಸವನ್ನೇ ಕುಡಿಯುತ್ತದೆ. ಹಿಂದೆ ಚಳಿಗಾಲ ಮುಗಿಯುವ ಹೊತ್ತಿಗೆ ತಾವು ಹಾಕುತ್ತಿದ್ದ ಹಗುರವಾದ ‘ತರಗು ಬೆಂಕಿ’ ಬದನಿಕೆಯನ್ನೂ ಲಂಟಾನದ ಪೊದೆಯನ್ನೂ ಹತೋಟಿಯಲ್ಲಿಡುತ್ತಿತ್ತೆಂದೂ, 1974ರಲ್ಲಿ ವನ್ಯಧಾಮವಾಗಿ ಬೆಂಕಿ ನಿಂತ ಮೇಲೆ ಇವು ಹೆಚ್ಚಿದುವೆಂದೂ ಸೋಲಿಗರ ಅನುಭವ. ಬೆಟ್ಟದಲ್ಲಿ ಅಧ್ಯಯನ ನಡೆಸಿದ ವಿಜ್ಞಾನಿಗಳು ಈ ಮಾತನ್ನು ಕಿವಿಗೊಟ್ಟು ಕೇಳಿದ್ದಾರೆ.

ಮನೆಯ ಮಾವಿನ ಮರ ಹತ್ತಾರು ವರ್ಷ ಹಣ್ಣು ಕೊಟ್ಟು ಕೊಂಬೆಕೊಂಬೆಯಾಗಿ ಒಣಗುತ್ತಿದ್ದರೆ ಒಮ್ಮೆ ತಲೆಯೆತ್ತಿ ನೋಡಬೇಕು. ಮಾವಿನದಲ್ಲದ ಎಲೆಯ ಗೊಂಚಲು ಕಂಡರೆ ಅದೇ ಬದನಿಕೆ. ಪುಟ್ಟ ಹಕ್ಕಿಗಳು ಅದರ ಹಣ್ಣು ತಿಂದು ಅಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತವೆ. ಮನೆಯ ಹತ್ತಿರ ಬೆಂಕಿಯ ಮಾತೇ ಬೇಡ. ಹಣ್ಣಾಗುವ ಮೊದಲೇ, ಅದು ಅಂಟಿಕೊಂಡ ಜಾಗಕ್ಕಿಂತ ಒಂದಡಿ ಕೆಳಗೆ ಕೊಂಬೆಯನ್ನು ಕತ್ತರಿಸಿದರೆ ಮರ ಉಳಿಯುತ್ತದೆ. ಆದರೆ ಬದನಿಕೆಯನ್ನು ಮಾತ್ರ ಕಿತ್ತರೆ ಅದು ಮತ್ತೆ ಚಿಗುರುತ್ತದೆ.

ಅದೇ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ ಶತಮಾನಗಳಿಂದ ನಿಂತಿದೆ. ಅದನ್ನು ಕಂಡವರು ಮನೆಯ ಗಿಡವೂ ಹಾಗೆಯೇ ಬಾಳಬೇಕೆಂದು ಬಯಸುವುದು ಸಹಜ. ಆದರೆ ಎಲ್ಲ ಗಿಡಗಳ ಆಯುಸ್ಸೂ ಒಂದೇ ಅಲ್ಲ.

ಆಯುಸ್ಸು ತೀರಿದ ಗಿಡ

ಬಾಳೆ ಒಮ್ಮೆ ಗೊನೆ ಬಿಟ್ಟು ಸಾಯುತ್ತದೆ. ಅದಕ್ಕಾಗಿ ಯಾರೂ ಅಳುವುದಿಲ್ಲ. ಬುಡದಲ್ಲಿ ಕಂದು ಇದೆಯೆಂಬ ಧೈರ್ಯ. ತುಳಸಿಯ ವಿಷಯದಲ್ಲಿಯೂ ಈ ಧೈರ್ಯವನ್ನು ತಂದುಕೊಳ್ಳಬೇಕಾಗಿದೆ. ತುಳಸಿ ಮಹಾವೃಕ್ಷವಲ್ಲ, ಕೆಲವು ವರ್ಷಗಳಷ್ಟೇ ಬಾಳುವ ಸಣ್ಣ ಗಿಡ. ತೆನೆ ಬಿಟ್ಟು ಬೀಜ ಬಲಿತೊಡನೆ ಅದು ತನ್ನ ಕೆಲಸ ಮುಗಿಯಿತೆಂದು ತಿಳಿಯುತ್ತದೆ. ಕಾರ್ತಿಕದ ಉತ್ಥಾನ ದ್ವಾದಶಿಯಲ್ಲಿ ಮದುವಣಗಿತ್ತಿಯಂತೆ ಅಲಂಕರಿಸಿಕೊಂಡ ಗಿಡ ಧನುರ್ಮಾಸದ ಚಳಿಗೆ ಎಲೆ ಉದುರಿಸಿ ಬೋಳಾಗುವುದು ಪ್ರಕೃತಿಧರ್ಮ. ಇದರ ಮೇಲೆ ಮನೆಯ ಪ್ರತಿಯೊಬ್ಬರೂ ಎರೆಯುವ ನೀರು, ಅಭಿಷೇಕದ ಹಾಲು, ಬುಡಕ್ಕೆ ಸುರಿದ ಅರಿಶಿನ ಕುಂಕುಮ, ಕಾಂಡಕ್ಕೆ ತಾಗುವಂತಿಟ್ಟ ದೀಪದ ಕಾವು ಎಲ್ಲವೂ ಸೇರಿದರೆ ಎಳೆಯ ಗಿಡವೂ ತಾಳಲಾರದು.

ತೆನೆಗಳನ್ನು ಎಳೆಯದಾಗಿರುವಾಗಲೇ ಚಿವುಟಿದರೆ ತುಳಸಿ ಹೆಚ್ಚು ಕಾಲ ಹಸುರಾಗಿರುತ್ತದೆ. ಒಂದೆರಡು ತೆನೆಗಳನ್ನು ಮಾತ್ರ ಬಲಿಯಲು ಬಿಟ್ಟು ಬೀಜ ತೆಗೆದಿಟ್ಟು, ವರ್ಷಕ್ಕೊಮ್ಮೆ ಬೇರೊಂದು ಕುಂಡದಲ್ಲಿ ಸಸಿ ಮಾಡಿಕೊಂಡರೆ ಬೃಂದಾವನ ಎಂದೂ ಬರಿದಾಗದು. ಪೂಜೆಯ ನೀರನ್ನು ಕಟ್ಟೆಗೆ ಪ್ರೋಕ್ಷಿಸಿ, ಬುಡಕ್ಕೆ ಬೇಕಾದಷ್ಟನ್ನು ಒಬ್ಬರೇ ಎರೆಯುವ ಕಟ್ಟಳೆ ಮಾಡಿಕೊಂಡರೆ ಭಕ್ತಿಗೂ ಕೊರತೆಯಿಲ್ಲ, ಗಿಡಕ್ಕೂ ಕ್ಷೇಮ.

ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ಬರೆದ ಹೊನ್ನಮ್ಮ ಇದೇ ಯಳಂದೂರಿನವಳು. ಪತಿವ್ರತಾಧರ್ಮವನ್ನು ಹೇಳುತ್ತಲೇ, ಹೆಣ್ಣೆಂಬ ಒಂದೇ ಕಾರಣಕ್ಕೆ ಹೀಗಳೆಯುವವರನ್ನು ಪ್ರಶ್ನಿಸಿದ ಕವಯಿತ್ರಿ ಆಕೆ. ಆಕೆಯ ಊರಿನ ಸುತ್ತಣ ಸೀಮೆಯಲ್ಲಾಗಲಿ ಬೇರೆಲ್ಲಿಯಾಗಲಿ, ಚಳಿಗೆ ಒಣಗಿದ ತುಳಸಿಯ ತಪ್ಪನ್ನು ಮನೆಯ ಹೆಣ್ಣುಮಗಳ ತಲೆಗೆ ಕಟ್ಟುವುದು ಇನ್ನಾದರೂ ನಿಲ್ಲಬೇಕು.

ಕಿತ್ತೆಸೆಯುವ ಮುನ್ನ

ಗಿಡ ಒಣಗಿದಂತೆ ಕಂಡೊಡನೆ ಕೀಳಬಾರದು. ತುದಿಯಿಂದ ಬುಡದವರೆಗೆ ಅಲ್ಲಲ್ಲಿ ಉಗುರಿನಿಂದ ತೊಗಟೆಯನ್ನು ಕೆರೆದು ನೋಡಬೇಕು. ಒಳಗೆ ಹಸುರಿದ್ದರೆ ಜೀವವಿದೆ. ಹಸುರು ಸಿಕ್ಕ ಜಾಗದ ಮೇಲುಭಾಗವನ್ನು ಕತ್ತರಿಸಿ, ನೆರಳಿನಲ್ಲಿಟ್ಟು, ನೀರನ್ನು ಮಿತಗೊಳಿಸಿ ಕೆಲವು ವಾರ ಕಾಯಬೇಕು. ಬುಡದವರೆಗೂ ಕಂದಾಗಿದ್ದರೆ ಆಗ ಕಿತ್ತು ಬೇರನ್ನು ಪರೀಕ್ಷಿಸಬೇಕು. ಬೆಳ್ಳಗೆ ಗಟ್ಟಿಯಾಗಿದ್ದರೆ ಆರೋಗ್ಯದ ಬೇರು, ಕಪ್ಪಾಗಿ ಮೆತ್ತಗಾಗಿ ಸಿಪ್ಪೆ ಜಾರಿದರೆ ನೀರು ಹೆಚ್ಚಿತ್ತು, ಒಣಗಿ ಮುರಿದರೆ ನೀರು ಸಾಲದು, ಗಂಟುಗಟ್ಟಿದ್ದರೆ ಜಂತು, ಟೊಳ್ಳಾಗಿ ಮಣ್ಣು ತುಂಬಿದ್ದರೆ ಗೆದ್ದಲು. ಮೇಲಿಂದ ಮೇಲೆ ಒಂದೇ ಜಾಗದಲ್ಲಿ ಗಿಡಗಳು ಸಾಯುತ್ತಿದ್ದರೆ ಮಣ್ಣನ್ನು ಪರೀಕ್ಷೆ ಮಾಡಿಸುವುದು ಮೇಲು. ಈ ಸೀಮೆಯವರಿಗೆ ಚಾಮರಾಜನಗರದ ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಇಷ್ಟಾದರೂ ಕೆಲವು ಗಿಡಗಳ ನಷ್ಟವನ್ನು ಯಾವ ಸಲಹೆಯೂ ತುಂಬಿಕೊಡಲಾರದು. ತವರಿನಿಂದ ತಂದ ಮಲ್ಲಿಗೆ, ತೀರಿಹೋದ ತಂದೆ ನೆಟ್ಟ ನಿಂಬೆ ಇವು ಬರಿಯ ಗಿಡಗಳಲ್ಲ. ಸಸ್ಯಕ್ಷೇತ್ರದಲ್ಲಿ ಕೊಟ್ಟ ಹಣಕ್ಕೆ ಅವು ಸಿಗುವುದಿಲ್ಲ. ಅಂಥ ಗಿಡವನ್ನು ಕಾಯುವ ಉಪಾಯ ಒಂದೇ: ಅದು ಚೆನ್ನಾಗಿರುವಾಗಲೇ ಹಂಚುವುದು. ಮಲ್ಲಿಗೆಯ ಬಳ್ಳಿಯನ್ನು ಬಗ್ಗಿಸಿ ಮಣ್ಣು ಮುಚ್ಚಿದರೆ ಬೇರು ಬಿಡುತ್ತದೆ. ದಾಸವಾಳದ ಬಲಿತ ಕಡ್ಡಿ ನೆಟ್ಟರೆ ಚಿಗುರುತ್ತದೆ. ನಿಂಬೆಗೆ ಗೂಟಿ ಕಟ್ಟಬಹುದು. ಪಕ್ಕದ ಮನೆಯವರಿಗೊಂದು, ಅಕ್ಕನ ಮನೆಗೊಂದು ಕೊಟ್ಟಿದ್ದರೆ, ಈ ಮನೆಯದು ಬರಗಾಲಕ್ಕೋ ರೋಗಕ್ಕೋ ತುತ್ತಾದಾಗ ಆ ಮನೆಯಿಂದ ಅದೇ ಗಿಡ ಮರಳಿ ಬರುತ್ತದೆ. ಹಿಂದಿನ ಹೆಂಗಸರು ಬಾಗಿನದಂತೆ ಕಡ್ಡಿ, ಬೀಜಗಳನ್ನು ಕೊಟ್ಟು ತೆಗೆದುಕೊಳ್ಳುತ್ತಿದ್ದುದರ ಹಿಂದೆ ಇಂಥದೊಂದು ವಿವೇಕವೂ ಇತ್ತು.

ಈ ಸೀಮೆಯಲ್ಲಿ ಹೊಸ ಗಿಡ ನೆಡಲು ಒಳ್ಳೆಯ ಕಾಲ ಹಸ್ತ ಚಿತ್ತಾ ಮಳೆಗಳ ಹೊತ್ತು. ಬಿಸಿಲು ತಗ್ಗಿರುತ್ತದೆ, ನೆಲ ಒಳಗಿನಿಂದ ತಂಪಾಗಿರುತ್ತದೆ. ಬೇಸಗೆಗೆ ಮೊದಲು ಬೇರೂರಲು ಗಿಡಕ್ಕೆ ನಾಲ್ಕೈದು ತಿಂಗಳು ದೊರೆಯುತ್ತದೆ. ಹಳೆಯ ಗಿಡ ಹೋದ ಕಾರಣವನ್ನು ತಿಳಿದುಕೊಂಡು, ಜಾಗವನ್ನು ಬದಲಿಸಿ, ಒಂದರ ಬದಲು ಎರಡು ಕಡ್ಡಿ ಊರಿದರೆ ಸಾಕು. ಒಂದು ತಮ್ಮ ಹಿತ್ತಿಲಿಗೆ, ಇನ್ನೊಂದು ನೆರೆಮನೆಗೆ.